ಕಲ್ಲು ಡಾಕ್ಟರ ಕೊನೆಯ ನಳಿಕೆ

೧೯೪೪ನೇ ಇಸವಿ ಜನವರಿ ಹನ್ನೊಂದು, ಮಂಗಳವಾರ. ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಹೊಸಕೋಟೆ ಪೊಲೀಸ್ ಠಾಣೆಗೆ ಬಂದ ಫಿರ್ಯಾದು ಒಂದು ರಬ್ಬರ್ ನಳಿಕೆಯದು. ಬಣ್ಣ ಕೆಂಪು, ಉದ್ದ ಹದಿನಾಲ್ಕು ಅಂಗುಲ, ದಪ್ಪ ಬೇವಿನ ಕಡ್ಡಿಯಷ್ಟು. ಬರೆದುಕೊಳ್ಳುತ್ತಿದ್ದ ದಫೇದಾರ್ ಬೈರಣ್ಣ ತಲೆ ಎತ್ತಿದ.

"ಇಷ್ಟೇನಾ ಸ್ವಾಮಿ? ನೀವು ಓಡಿ ಬಂದಿದ್ದು ನೋಡಿ ಬೀರೂನೇ ಹೊತ್ಕೊಂಡು ಹೋದ್ರೇನೋ ಅಂದ್ಕೊಂಡೆ."

ಫಿರ್ಯಾದಿ ನಗಲಿಲ್ಲ. ಅವರು ಸುಬ್ಬಮ್ಮ ಧರ್ಮಾಸ್ಪತ್ರೆಯ ಡಾಕ್ಟರ್ ಸಂಜೀವಪ್ಪ. ಊರಿನವರ ಬಾಯಲ್ಲಿ ಕಲ್ಲು ಡಾಕ್ಟರು. ಈ ಸೀಮೆಯ ಚಿಕ್ಕ ಮಕ್ಕಳ ಮೂತ್ರಕೋಶದಲ್ಲಿ ಕಲ್ಲು ಕಟ್ಟುವುದು ಏಕೆ ಎಂದು ಎರಡು ವರ್ಷದಿಂದ ತಲೆ ಕೆಡಿಸಿಕೊಂಡಿದ್ದ ಮನುಷ್ಯ. ನಲವತ್ತೊಂದು ಮಕ್ಕಳ ಕಿಬ್ಬೊಟ್ಟೆ ಕುಯ್ದು ಕಲ್ಲು ತೆಗೆದು, ಒಂದೊಂದನ್ನೂ ಸೀಸೆಗೆ ಹಾಕಿ ಊರಿನ ಹೆಸರು ಅಂಟಿಸಿದ್ದರು. ಮಗುವಿಗೆ ಹಾಲು ಉಂಟೋ, ಬರೀ ರಾಗಿ ಗಂಜಿಯೋ, ನೀರು ಯಾವ ಬಾವಿಯದು ಎಂದು ಪ್ರತಿ ತಾಯಿಯನ್ನೂ ಕೇಳಿ ಬರೆದಿಡುತ್ತಿದ್ದರು. ಜನ ಹಿಂದಿನಿಂದ ನಗುತ್ತಿದ್ದರು. ತಮ್ಮ ಮಗುವಿಗೆ ಉಚ್ಚೆ ಕಟ್ಟಿದ ದಿನ ಮಾತ್ರ ಅವರ ಬಾಗಿಲಿಗೇ ಬರುತ್ತಿದ್ದರು.

ಒಳಗಿನಿಂದ ಇನ್ಸ್‌ಪೆಕ್ಟರ್ ವೆಂಕಟರಾಯಪ್ಪ ಬಂದು ಕುಳಿತರು.

"ಇನ್ನೊಂದು ನಳಿಕೆ ಇಲ್ಲವೇ?"

"ಇಲ್ಲ. ಯುದ್ಧ ಶುರುವಾದ ಮೇಲೆ ರಬ್ಬರೆಲ್ಲ ದಂಡಿಗೆ ಹೋಗ್ತಿದೆ. ಬೆಂಗಳೂರಿಗೆ ಮೂರು ಸಲ ಬರೆದೆ, ಇಲ್ಲ ಅಂದರು. ದೊಡ್ಡದು ಚಿಕ್ಕದು ಇದ್ದದ್ದೆಲ್ಲ ಬಿರಿದು ಹೋಗಿ, ಉಳಿದಿದ್ದು ಅದೊಂದೇ."

"ಈಗ ಅದು ಯಾರಿಗೆ ಬೇಕು?"

"ಪಿಳ್ಳಮ್ಮ ಅಂತ, ಆಕೆಯ ಮಗನಿಗೆ. ಮೂರು ವರ್ಷ. ನಿನ್ನೆ ಸಂಜೆಯಿಂದ ಒಂದು ತೊಟ್ಟೂ ಬಂದಿಲ್ಲ. ಸೂಜಿ ಹಾಕಿ ಸ್ವಲ್ಪ ತೆಗೆದಿದ್ದೇನೆ, ಪದೇ ಪದೇ ಚುಚ್ಚೋ ಹಾಗಿಲ್ಲ. ಕಲ್ಲು ತೆಗೆದ ಮೇಲೆ ಎಂಟು ದಿನ ಒಳಗೆ ನಳಿಕೆ ಇರಲೇಬೇಕು. ಇಲ್ಲದಿದ್ದರೆ ಕುಯ್ದೂ ಉಪಯೋಗವಿಲ್ಲ."

"ಎಷ್ಟು ಹೊತ್ತು ತಡೀತಾನೆ?"

"ಮಧ್ಯಾಹ್ನ ಮೂರು. ಹೆಚ್ಚೆಂದರೆ ನಾಲ್ಕು."

ಬೈರಣ್ಣ ಮತ್ತೆ ತಮಾಷೆ ಮಾಡಲಿಲ್ಲ. ಕಲಂ ೩೭೯ರಂತೆ ಎಫ್.ಐ.ಆರ್. ಆಯಿತು.

ಒಂಬತ್ತು ಗಂಟೆಗೆ ಆಸ್ಪತ್ರೆಯಲ್ಲಿ ಪಂಚನಾಮೆ. ಬೀಗ ಒಡೆದಿರಲಿಲ್ಲ, ಕಿಟಕಿ ಭದ್ರವಾಗಿತ್ತು. ಗಾಜಿನ ಭರಣಿಯಲ್ಲಿದ್ದ ನಳಿಕೆ ಇಲ್ಲ. ಅದರ ಜೊತೆಗೆ ಕೀವಾಗದಂತೆ ತೊಳೆಯುವ ಬೋರಿಕ್ ಪುಡಿಯ ಒಂದು ಪೊಟ್ಟಣ ಮತ್ತು ನಳಿಕೆಗೆ ಸವರುವ ಎಣ್ಣೆಯ ಚಿಕ್ಕ ಸೀಸೆಯೂ ಇಲ್ಲ. ಅದೇ ಬೀರುವಿನಲ್ಲಿ, ಕೈಗೆ ಸಿಗುವ ಹಾಗೆ, ಕೀವು, ಜ್ವರಕ್ಕೆ ಕೊಡುವ ಸಲ್ಫಾ ಮಾತ್ರೆಯ ಡಬ್ಬಿ ಇತ್ತು. ಕಾಳಸಂತೆಯಲ್ಲಿ ಅದಕ್ಕೆ ಜನ ಮುಗಿಬೀಳುತ್ತಿದ್ದ ಕಾಲ. ಅದನ್ನು ಯಾರೂ ಮುಟ್ಟಿರಲಿಲ್ಲ.

"ಮಾರೋ ಕಳ್ಳ ಇದನ್ನ ಬಿಟ್ಟು ಹೋಗ್ತಿದ್ನೇನೋ ಬೈರಣ್ಣ?"

"ಇಲ್ಲ ಸ್ವಾಮಿ. ಇವನಿಗೆ ನಳಿಕೆಯಿಂದಲೇ ಕೆಲಸ ಇದೆ."

"ನಳಿಕೆ ಹೇಗೆ ಹಾಕೋದು ಅಂತಲೂ ಗೊತ್ತಿದೆ."

ವಾರ್ಡಿನಿಂದ ಮಗುವಿನ ಅಳು ಕೇಳುತ್ತಿತ್ತು. ಬಾಯಿ ಬಿಟ್ಟು ಅಳುವ ಶಕ್ತಿಯೂ ಹೋಗಿ ಬರೀ ನರಳಾಟ. ಬಾಗಿಲಲ್ಲಿ ನಿಂತಿದ್ದ ಪಿಳ್ಳಮ್ಮ ಇನ್ಸ್‌ಪೆಕ್ಟರ ಕಾಲಿಗೇ ಬಿದ್ದಳು.

"ಸಿಕ್ತಾ ಸ್ವಾಮಿ? ಯಾವ ಪಾಪಿ ಸ್ವಾಮಿ ಅವನು? ಅವನ ಮನೇಲಿ ಮಕ್ಳಿಲ್ವಾ?"

ವೆಂಕಟರಾಯಪ್ಪನವರು ಪಕ್ಕಕ್ಕೆ ಸರಿದು ನಡೆದರು.

ಬೀರುವಿನ ಬೀಗದ ಕೈ ಇರುತ್ತಿದ್ದದ್ದು ಇಬ್ಬರ ಹತ್ತಿರ: ನರ್ಸ್ ಗಂಗಲಕ್ಷ್ಮಮ್ಮ, ಅಟೆಂಡರ್ ಕೊಂಡಪ್ಪ. ಕೊಂಡಪ್ಪ ಈ ದಿನ ಕೆಲಸಕ್ಕೆ ಬಂದಿರಲಿಲ್ಲ. ನರ್ಸನ್ನು ಹತ್ತೂಕಾಲಕ್ಕೆ ವಿಚಾರಿಸಲಾಯಿತು.

"ಕೊಂಡಪ್ಪನ ಕೆಲಸ ಏನಮ್ಮ?"

"ನಳಿಕೆ ಕುದಿಸೋದು, ಆಪರೇಷನ್ನಲ್ಲಿ ಮಕ್ಕಳ ಕಾಲು ಹಿಡ್ಕೊಳ್ಳೋದು. ಗೇಟೂ ಅವನೇ ನೋಡ್ಕೊಳ್ತಾನೆ. ಅವನು ಕದಿಯೋ ಜನ ಅಲ್ಲ ಸಾರ್."

"ಈಚೆಗೆ ಅವನಲ್ಲಿ ಏನಾದರೂ ಬೇರೆ ಥರ ಕಂಡಿತಾ?"

ಗಂಗಲಕ್ಷ್ಮಮ್ಮ ಯೋಚಿಸಿದಳು. "ಹೋದ ವಾರ ಎಡಗೈ ಎತ್ತೋಕೆ ಆಗ್ತಿರಲಿಲ್ಲ. ತೋಳು ಊದಿತ್ತು, ಜ್ವರಾನೂ ಇತ್ತು. ಕುರು ಎದ್ದಿದೆ ಅಂದ. ನೋಡ್ತೀನಿ ಅಂದ್ರೆ ತೋರಿಸಲೇ ಇಲ್ಲ."

ಪಕ್ಕದಲ್ಲಿದ್ದ ಡಾಕ್ಟರು ತಟ್ಟನೆ ಎದ್ದು ನಿಂತರು. "ಅದು ಕುರು ಅಲ್ಲ, ಪ್ಲೇಗಿನ ಸೂಜಿ."

ಪ್ಲೇಗಿನ ಸೂಜಿಯನ್ನು ಆಗ ಇಲಿ ಸತ್ತು ಬಿದ್ದ ಊರಿನವರಿಗೆ ಹಾಕುತ್ತಿದ್ದರು. ಅಂಥ ಊರಿನವರು ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ಇರಬೇಕಿತ್ತು. ಅಲ್ಲಿನವರನ್ನು ಆಸ್ಪತ್ರೆಯ ಗೇಟಿನ ಒಳಗೆ ಬಿಡಕೂಡದೆಂದು ಡಾಕ್ಟರೇ ಹುಕುಂ ಹೊರಡಿಸಿದ್ದರು. ಹೊಟ್ಟೆ ಕುಯ್ಯಿಸಿಕೊಂಡು ಮಲಗಿದ ಮಕ್ಕಳ ನಡುವೆ ಪ್ಲೇಗು ಹೊಕ್ಕರೆ ಒಂದೂ ಉಳಿಯುತ್ತಿರಲಿಲ್ಲ. ಹುಕುಂ ತಪ್ಪು ಎನ್ನುವಂತಿರಲಿಲ್ಲ. ಅಂದರೆ ಕೊಂಡಪ್ಪನೂ ಅಂಥ ಊರಿನವನೇ, ಅದನ್ನು ಮುಚ್ಚಿಟ್ಟು ದಿನಾ ಕೆಲಸಕ್ಕೆ ಬರುತ್ತಿದ್ದ.

ಖಾಲಿ ಮಾಡಿಸಿದ ಊರುಗಳ ಪಟ್ಟಿ ಠಾಣೆಯಲ್ಲಿತ್ತು. ತಾಲ್ಲೂಕಿಗೆಲ್ಲ ಆಗ ಒಂದೇ, ಅನುಗೊಂಡನಹಳ್ಳಿ ಹೋಬಳಿಯ ಒಂದು ಚಿಕ್ಕ ಹಳ್ಳಿ. ಹನ್ನೊಂದು ಗಂಟೆಗೆ ಇನ್ಸ್‌ಪೆಕ್ಟರು, ಬೈರಣ್ಣ ಜಟಕಾ ಹತ್ತಿದರು.

"ಹೊಡಿಯಯ್ಯ ಜೋರಾಗಿ! ಮದುವೆಗೆ ಹೋಗ್ತಿದ್ದೀವೇನು?" ಎಂದು ದಾರಿಯುದ್ದಕ್ಕೂ ಬೈರಣ್ಣ ಗಾಡಿಯವನನ್ನು ಬೈಯುತ್ತಲೇ ಇದ್ದ.

ಹನ್ನೆರಡೂ ಇಪ್ಪತ್ತಕ್ಕೆ ಗುಡಿಸಲುಗಳು ಕಂಡವು. ಕಾವಲಿದ್ದವನು ಕೈ ತೋರಿಸಿದ ಕೊನೆಯ ಗುಡಿಸಲಿಗೆ ಇನ್ಸ್‌ಪೆಕ್ಟರು ಬಗ್ಗಿ ಹೊಕ್ಕರು. ಕೊಂಡಪ್ಪ ಓಡಲಿಲ್ಲ. ಬಾಯ ಮೇಲೆ ಬೆರಳಿಟ್ಟು, ಪೊಲೀಸ್ ಇನ್ಸ್‌ಪೆಕ್ಟರಿಗೇ ಸುಮ್ಮನಿರುವಂತೆ ಸನ್ನೆ ಮಾಡಿದ.

"ಈಗ್ತಾನೆ ನಿದ್ದೆ ಹತ್ತಿದೆ ಬುದ್ಧಿ. ಕಣ್ಣು ಮುಚ್ಚಿ ಎರಡು ದಿವ್ಸ ಆಗಿತ್ತು."

ಚಾಪೆಯ ಮೇಲೆ ಅವನ ಎರಡೂವರೆ ವರ್ಷದ ಗಂಡು ಮಗು. ತಲೆ ತಾಯಿ ಸಪ್ಪಲಮ್ಮನ ತೊಡೆಯ ಮೇಲಿತ್ತು. ಕೆಂಪು ನಳಿಕೆಯ ಒಂದು ತುದಿ ಮಗುವಿನ ಮೂತ್ರನಾಳದ ಒಳಗಿತ್ತು. ಹೊರಗಿನ ಭಾಗವನ್ನು ಬಿಳಿ ದಾರದಿಂದ ತೊಡೆಗೆ ಕಟ್ಟಿತ್ತು. ಕೆಳಗಿಟ್ಟ ತೆಂಗಿನ ಚಿಪ್ಪಿಗೆ ತೊಟ್ಟು ತೊಟ್ಟಾಗಿ ಮೂತ್ರ ಬೀಳುತ್ತಿತ್ತು. ನಳಿಕೆ ಕುದಿಸಿದ ಮಡಕೆ ಇನ್ನೂ ಒಲೆಯ ಮೇಲಿತ್ತು.

ಪಂಚರನ್ನು ಕರೆದು ನಿಲ್ಲಿಸಿದ್ದಾಯಿತು. ಬೈರಣ್ಣ ಕಾಗದ ಬಿಡಿಸಿಕೊಂಡು ಲೇಖನಿ ಹಿಡಿದ.

"ಮಾಲು ಎಲ್ಲಿ ಸಿಕ್ತು ಅಂತ ಬರೀಲಿ ಸ್ವಾಮಿ?"

ವೆಂಕಟರಾಯಪ್ಪನವರಿಗೆ ಹದಿನಾರು ವರ್ಷದ ಸರ್ವಿಸ್. ಅಟ್ಟದಿಂದ, ಬಾವಿಯಿಂದ, ಹುಲ್ಲಿನ ಬಣವೆಯಿಂದ ಮಾಲು ತೆಗೆಸಿದ್ದರು. ಇಂಥ ಜಾಗದಿಂದ ತೆಗೆಸಿರಲಿಲ್ಲ.

"ಅದನ್ನ ತೆಗೆದ್ರೆ ಏನಾಗುತ್ತೆ ಕೊಂಡಪ್ಪ?"

"ಕಲ್ಲು ಮತ್ತೆ ಉಚ್ಚೆ ದಾರಿ ಬಾಯಿಗೆ ಬಂದು ಕೂತ್ಕೊಳ್ತದೆ ಬುದ್ಧಿ."

"ತೆಗೀದಿದ್ರೆ ಪಿಳ್ಳಮ್ಮನ ಮಗ ಹೋಗ್ತಾನೆ. ಗೊತ್ತಿದೆಯಾ?"

ಕೊಂಡಪ್ಪನಿಗೆ ಗೊತ್ತಿರಲಿಲ್ಲ. ಅವನು ಸೋಮವಾರ ಸಂಜೆ ಬೇಗ ಹೊರಟಾಗ ಆ ಮಗು ಚೆನ್ನಾಗಿಯೇ ಇತ್ತು. ಅವನು ಎರಡೂ ಕೈಯಿಂದ ತಲೆ ಚಚ್ಚಿಕೊಂಡು, "ಅಯ್ಯೋ, ಆ ಮಗೂಗೂ ಕಟ್ತಾ? ಅಯ್ಯೋ ದೇವ್ರೇ!" ಎಂದು ಕೂತ. ಸಪ್ಪಲಮ್ಮ ಮಗುವಿನ ಮೇಲೆ ಬಗ್ಗಿ ಎರಡು ಕೈಯಿಂದಲೂ ಮುಚ್ಚಿಕೊಂಡಳು.

"ಕೊಡಲ್ಲ ಬುದ್ಧಿ. ನನ್ನ ಸಾಯ್ಸಿ ತಗೊಂಡೋಗಿ."

ಇನ್ಸ್‌ಪೆಕ್ಟರು ಹೇಳಿ ಬರೆಸಿದರು: "ಸದರಿ ಮಾಲು ಆರೋಪಿಯ ಮಗನ ದೇಹದಲ್ಲಿ ಇರುವುದರಿಂದ, ಇದ್ದ ಸ್ಥಿತಿಯಲ್ಲಿಯೇ, ಮಗುವಿನ ಸಮೇತ ವಶಕ್ಕೆ ತೆಗೆದುಕೊಳ್ಳಲಾಯಿತು."

"ಪ್ಲೇಗಿನ ಊರು ಸ್ವಾಮಿ," ಎಂದ ಬೈರಣ್ಣ. "ಗೇಟಿನ ಒಳಗೆ ಬಿಡ್ತಾರಾ?"

"ಮಾಲು ಬೇಕು ಅಂದ್ರೆ ಬಿಡ್ತಾರೆ. ಎತ್ಕೋ."

ಎರಡೂ ಹತ್ತಕ್ಕೆ ಜಟಕಾ ಮಗು, ಸಪ್ಪಲಮ್ಮ, ಕೈಕೋಳ ತೊಟ್ಟ ಕೊಂಡಪ್ಪ ಎಲ್ಲರನ್ನೂ ಹೊತ್ತು ಆಸ್ಪತ್ರೆಯ ಮುಂದೆ ನಿಂತಿತು. ಡಾಕ್ಟರು ಗೇಟಿಗೆ ಅಡ್ಡ ನಿಂತರು. ಒಳಗೆ ಹನ್ನೊಂದು ಮಕ್ಕಳಿದ್ದಾರೆ ಎಂದರು. ಆಮೇಲೆ ನಳಿಕೆ ನೋಡಿದರು, ಮಗುವನ್ನು ನೋಡಿದರು, ತಾವೇ ಮುಂದಾಗಿ ಹಿಂದಿನ ವರಾಂಡಕ್ಕೆ ದಾರಿ ಬಿಟ್ಟರು. ಕೊಂಡಪ್ಪನ ಮಗನ ಕಿಬ್ಬೊಟ್ಟೆ ಮುಟ್ಟಿ ಪರೀಕ್ಷಿಸಿ ಮೇಲೆದ್ದರು.

"ಇವನಿಗೂ ಕುಯ್ಯಲೇಬೇಕು. ಇರೋದು ಒಂದು ನಳಿಕೆ. ಯಾರಿಗೆ ಹಾಕಲಿ ಇನ್ಸ್‌ಪೆಕ್ಟರೇ? ನೀವೇ ಹೇಳಿ!"

ಬೈಯಲು ಬಂದಿದ್ದ ಪಿಳ್ಳಮ್ಮ ವರಾಂಡದ ಮೂಲೆಯಲ್ಲೇ ಸಪ್ಪಲಮ್ಮನನ್ನು ನೋಡುತ್ತ ನಿಂತಿದ್ದಳು.

"ತುಂಡು ಮಾಡಿ ಬುದ್ಧಿ," ಎಂದ ಕೊಂಡಪ್ಪ. "ಕಿಬ್ಬೊಟ್ಟೆ ಕುಯ್ದು ಇಟ್ಟಾಗ ಅರ್ಧಕ್ಕರ್ಧ ಹೊರಗೇ ನೇತಾಡ್ತದೆ. ದಿನಾ ನೋಡಿವ್ನಿ."

"ಕತ್ತರಿಸಿದರೆ ಮುಂದಿನ ಮಗುವಿಗೆ ಏನೂ ಉಳಿಯಲ್ಲ ಕಣೋ."

"ಇವತ್ತು ಇಬ್ರು ಸಾಯ್ತಾವ್ರಲ್ಲ ಬುದ್ಧಿ."

ಡಾಕ್ಟರು ಇನ್ಸ್‌ಪೆಕ್ಟರತ್ತ ತಿರುಗಿದರು. ಅದೀಗ ಕೋರ್ಟಿಗೆ ಹೋಗಬೇಕಾದ ಮಾಲು.

"ಕತ್ತರಿಸಿ. ಎರಡು ತುಂಡು ಅಂತಲೇ ಬರೀತೀನಿ."

"ನಮ್ಮ ತಲೆಗೆ ಬರುತ್ತೆ ಸ್ವಾಮಿ," ಎಂದ ಬೈರಣ್ಣ.

"ಬರಲಿ ಬಿಡೋ."

ಕಾಲು ಹಿಡಿಯಲು ಗೊತ್ತಿದ್ದವನು ಕೊಂಡಪ್ಪ ಒಬ್ಬನೇ. ಅವನ ಕೈಕೋಳ ಬಿಚ್ಚಿ, ಸೋಪು ಹಾಕಿ ಕೈ ತೊಳೆಸಿ, ಮೂಗುಬಾಯಿಗೆ ಬಟ್ಟೆ ಕಟ್ಟಿ ಒಳಗೆ ಬಿಡಲಾಯಿತು. ಮೊದಲು ಪಿಳ್ಳಮ್ಮನ ಮಗ, ಆಮೇಲೆ ಕೊಂಡಪ್ಪನ ಮಗ. ತನ್ನ ಮಗನ ಕಾಲನ್ನೂ ಕೊಂಡಪ್ಪ ಅಲ್ಲಾಡದಂತೆ ಹಿಡಿದಿದ್ದ. ಇಬ್ಬರೂ ಮಕ್ಕಳು ಬದುಕಿದರು, ತಿಂಗಳ ಕೊನೆಗೆ ಮನೆಗೆ ಹೋದರು. ಕೊಂಡಪ್ಪ ಅದನ್ನು ನೋಡಲಿಲ್ಲ. ಆಗ ಅವನು ಜೈಲಿನಲ್ಲಿದ್ದ.

ಸಂಜೆ ಆರೂ ಹತ್ತಕ್ಕೆ ದಸ್ತಗಿರಿ ದಾಖಲಾಯಿತು. ನೌಕರನೇ ಕದ್ದದ್ದರಿಂದ ಕಲಂ ೩೮೧ ಎಂದು ತಿದ್ದಲಾಯಿತು. ಹೇಳಿಕೆ ಬರೆಸುವಾಗ ಡಾಕ್ಟರೂ ಇದ್ದರು. ಅವರಿಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಎರಡು ವರ್ಷ ನನ್ನ ಜೊತೆ ಇದ್ದೀಯ. ಒಂದು ಮಾತು ಕೇಳೋಕೆ ಏನಾಗಿತ್ತು ನಿನಗೆ? ಇವತ್ತು ಮಾಡಿದ್ದನ್ನ ನಿನ್ನೆಯೇ ಮಾಡ್ತಿರಲಿಲ್ವಾ?"

ಕೊಂಡಪ್ಪ ನೆಲ ನೋಡುತ್ತ ಹೇಳಿದ.

"ಹೋದ ತಿಂಗಳು ಒಬ್ಳು ಬಂದಿದ್ಳು ಬುದ್ಧಿ. ಪಾಪಕ್ಕ ಅಂತ, ನಮ್ಮ ಗುಡಿಸಲು ಸಾಲಿನೋಳೇ. ಕಂಕುಳಲ್ಲಿ ಮಗ, ಹಿಂಗೇ ಉಚ್ಚೆ ಕಟ್ಟಿತ್ತು. ನಾನು ಒಳಗೆ ಬಂದು ಕೇಳ್ದೆ. ಪ್ಲೇಗಿನೋರು ಅಂದ್ರೆ ಗೇಟ್ ಹಾಕು ಅಂದ್ರಿ. ಹಾಕ್ದೆ. ಮಧ್ಯಾಹ್ನದ ಗಂಟ ಗೇಟ್ ಹಿಡ್ಕೊಂಡು ನಿಂತಿದ್ಳು. ಕೊಂಡಣ್ಣ, ಒಂದ್ಸಲ ಹೇಳಿ ನೋಡಣ್ಣ ಅಂತ ನನ್ನ ಹೆಸರು ಹಿಡಿದು ಕೂಗ್ತಾನೇ ಇದ್ಳು. ಕೆಲಸ ಹೋಗ್ತದೆ ಅಂತ ನಾನು ಆ ಕಡೆ ತಿರುಗಲೇ ಇಲ್ಲ."

"ಆ ಮಗು?" ಡಾಕ್ಟರು ಮೆಲ್ಲಗೆ ಕೇಳಿದರು.

"ಮಾರನೇ ದಿವ್ಸ ಹೋಯ್ತು ಬುದ್ಧಿ. ಮಣ್ಣು ಮಾಡೋಕೆ ನಾನೂ ಹೋಗಿದ್ದೆ. ಅವಳನ್ನ ಹಂಗೆ ಕಳಿಸಿ, ನನ್ನ ಮಗನ್ನ ಎತ್ಕೊಂಡು ಅದೇ ಗೇಟಿಗೆ ಯಾವ ಮುಖ ಇಟ್ಕೊಂಡು ಬರ್ಲಿ?"

ಬೈರಣ್ಣ ಅದಷ್ಟನ್ನೂ ಬರೆದು, ಓದಿ ಹೇಳಿ, ಕೊಂಡಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡ. ಸಾಕ್ಷಿಯ ಜಾಗದಲ್ಲಿ ಡಾಕ್ಟರು ರುಜು ಹಾಕಬೇಕಿತ್ತು. ಅವರು ಲೇಖನಿ ತೆಗೆದುಕೊಂಡು, "ಗೇಟ್ ಹಾಕು ಅಂದ್ರಿ" ಎಂದಿದ್ದ ಸಾಲಿಗೆ ಹಿಂದಿರುಗಿ ಅದನ್ನೇ ಮತ್ತೆ ಓದತೊಡಗಿದರು.