ಮಿರೋನ್ ದ್ರುಗಾನ ಬಟ್ಟೆಯ ಕವಿತೆ

"ಮಾನಕ್ಕಾ, ಕವಿತಿ ಕಳುವಾಗೇತಿ, ಲಗೂ ಬರ್ರಿ!"

ಬರಿಗಾಲಲ್ಲಿ ಓಡಿ ಬಂದವಳು ರೋಣದ ನಮ್ಮ ಓಣಿಯ ಉಪನ್ಯಾಸಕಿ ಕವಿತಾ. ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಮಾನವ್ವ ಚಹಾದ ಬಸಿ ಕೆಳಗಿಟ್ಟರು. ಅವರು ಹೊರಟರೆಂದರೆ ಹಿಂದೆ ನಾನು ಇದ್ದದ್ದೇ.

ರೊಮೇನಿಯಾದ ಕವಿ ಮಿರೋನ್ ದ್ರುಗಾ ಸೆರೆಮನೆಯಲ್ಲಿ ಕಾಗದ ಸಿಗದೆ, ಬಟ್ಟೆಯ ತುಂಡುಗಳ ಮೇಲೆ ಶಬ್ದ ಬರೆದು, ಮನಸ್ಸಿಗೆ ಬಂದಂತೆ ಜೋಡಿಸಿ ಹೊಲಿದಿದ್ದ. ಒಂದು ಮೂಲೆಯನ್ನು ಬೇಕೆಂದೇ ಹೊಲಿಯದೆ ಬಿಟ್ಟಿದ್ದ. ಚಾದರದಷ್ಟು ಅಗಲದ ಆ ಕವಿತೆಯನ್ನು ಮೊಮ್ಮಗಳು ಇಲ್ಯಾನಾ ಕವಿತಾಳನ್ನು ನಂಬಿ ಕಳಿಸಿದ್ದಳು. ಕವಿತಾಳ ಕನ್ನಡ ಅನುವಾದ ಅಂದೇ ಸಂಜೆ ಬಿಡುಗಡೆ.

"ಅವರಜ್ಜಂದು ಉಳದದ್ದು ಅದೊಂದರಿ! ಆಕಿಗೆ ಹ್ಯಾಂಗ ಮಾರಿ ತೋರಸ್ಲಿ? ಮಧ್ಯಾಹ್ನ ನಮ್ಮ ಕಾಲೇಜಿನ ದುರಗೇಶ ಸರ್ ಮನಿಗೆ ಬಂದು, 'ಇದು ಕವಿತಿ ಅಲ್ಲ, ಒರಸೋ ಅರಿವಿ' ಅಂತ ನಕ್ಕು ಹೋದ್ರು. ಅವರದ ಕೆಲಸ! ಪೊಲೀಸರನ್ನ ಕರಸ್ತೀನಿ!"

"ಕೈಯಾಗ ಚೀಲ ಇತ್ತೇನು?"

"ಇಲ್ಲರಿ, ಬರಿಗೈ."

ಕವಿತಾಳ ಮನೆಯ ಪಡಸಾಲೆಯಲ್ಲಿ ಅವಳ ಅತ್ತೆ ಫಕೀರವ್ವ ತುಟಿ ಬಿಗಿಹಿಡಿದು ಕುಳಿತಿದ್ದರು; ಸೆರಗಿಗೆ ಕೆಂಪು ದಾರದ ಎಳೆ ಅಂಟಿತ್ತು. ಒಳಕೋಣೆಯಲ್ಲಿ ಹಳೆ ಬಟ್ಟೆಯ ತುಂಡು ಸೇರಿಸಿ ಹೊಲಿದು ಮಡಚಿಟ್ಟ ಕೌದಿಗಳ ಒಟ್ಟಿಗೆ ಇರುವೆಗಳ ಸಾಲು ಹತ್ತುತ್ತಿತ್ತು.

"ಅವನ್ನ ಯುಗಾದಿಯಿಂದ ಮುಟ್ಟಿಲ್ಲವ್ವಾ" ಎಂದರು ಫಕೀರವ್ವ.

ಮಾನವ್ವನ ಕಣ್ಣು ಮಿಂಚಿತು. ದುರಗೇಶರನ್ನೂ ಕರೆಸಿ ಎಲ್ಲರನ್ನೂ ಕೂರಿಸಿದರು.

"ಚಾದರದಷ್ಟು ಅರಿವಿ ಬರಿಗೈಲೆ ಬಂದಾಂವ ಅಂಗಿಯೊಳಗ ಮುಚ್ಚಗೊಂಡು ಒಯ್ಯೂದು ಆಗೂದಿಲ್ಲ. ಸರ್ ನಾಲಗಿ ಅಷ್ಟ ಕೆಟ್ಟದು, ಕೈ ಅಲ್ಲ."

ದುರಗೇಶರು ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಕೆಮ್ಮಿದರು.

"ನಮ್ಮ ಕಡೆ ಕೌದಿ ಮುಗಸುವಾಗ ಕಡೀ ಮೂಲ್ಯಾಗ ರೊಟ್ಟಿ ಚೂರು, ಸಕ್ರಿ ಇಟ್ಟ ಹೊಲಿತೀವಿ, ಕೌದಿ ಹಸಕೊಂಡಿರಬಾರದು ಅಂತ. ಯುಗಾದಿ ಸಕ್ರಿ ಇರುವಿ ಎಂದೋ ತಿಂದು ಮುಗಸ್ತಿದ್ವು. ಇದು ಇವತ್ತಿನ ಸಕ್ರಿ. ಸೆರಗಿನ ದಾರನೂ ಇವತ್ತಿಂದ."

ಮಾನವ್ವ ಒಟ್ಟಿನಿಂದ ಒಂದು ಕೌದಿ ಎಳೆದು ಹರಡಿದರು. ಹಳೆಯ ಇಳಕಲ್ ಸೀರೆಯ ಅಸ್ತರು, ಮೇಲೆ ರೊಮೇನಿಯಾದ ಶಬ್ದಗಳು!

ಫಕೀರವ್ವ ಅತ್ತೇಬಿಟ್ಟರು. "ಅರ್ಧಕ್ಕ ಬಿಟ್ಟ ಕೌದಿ ಅಂತ ತಿಳದು ಮುಗಿಸಿದ್ನಿ. ನೀ ಪೊಲೀಸ್ ಅಂದಿ, ಬಾಯಿ ಬಿಡಾಕ ಅಂಜಿದ್ನಿ."

ಅಷ್ಟರಲ್ಲಿ ಇಲ್ಯಾನಾಳ ವಿಡಿಯೋ ಕರೆ ಬಂತು. ಕವಿತಾ ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು. ಹೊಲಿಗೆ ಬಿಚ್ಚಿ ಕಳಿಸುವುದಾಗಿಯೂ ಹೇಳಿದಳು. ಆಮೇಲೆ ಇಲ್ಯಾನಾ ಏನೋ ಅಂದಳು. ಕವಿತಾ ಅತ್ತೆಯತ್ತ ತಿರುಗಿದಳು.

"ಅಜ್ಜ ಜೈಲಿನೊಳಗ ಉಪವಾಸ ಸತ್ತನಂತ. ಬಿಚ್ಚಬ್ಯಾಡ್ರಿ ಅಂತಾಳ. ಅವನ ಕವಿತಿಗೆ ಊಟಕ್ಕ ಹಾಕಿದಾಕಿನ್ನ ನೋಡಬೇಕಂತ, ಅತ್ತಿ."

ಫಕೀರವ್ವ ಕಣ್ಣೊರೆಸಿಕೊಂಡು ಗಡಬಡಿಸಿ ಎದ್ದರು. "ಇರಾಕ ಹೇಳವಾ, ತಲಿ ಬಾಚಕೊಂಡ ಬರ್ತೀನಿ!"