ಸ್ಟೇಜಿನ ಕೆಳಗಿನ ಕೆಂಪು ಗಂಟು

ಸೀಟಿ ಊದಿದ್ದೇ ತಡ, ಮಕ್ಕಳೆಲ್ಲ ಎದ್ದು ನಿಂತರು. ಸುಂಕಲಮ್ಮ ಮುಂದಿನ ಹುಡುಗಿಯ ಕೈ ಹಿಡಿದಳು. ಹಿಂದಿನ ಹುಡುಗಿ ಅವಳ ಕೈ ಹಿಡಿದಳು.

"ಓಡಬ್ಯಾಡ್ರಿ! ನೂಕಬ್ಯಾಡ್ರಿ! ಏನಾದ್ರೂ ಆಗ್ಲಿ, ಕೈ ಬಿಡಬ್ಯಾಡ್ರಿ!" ಎಂದು ಗವಿಸಿದ್ದಪ್ಪ ಮಾಸ್ತರು ಕೂಗುತ್ತಿದ್ದರು. ಸಾಲು ಮೈದಾನ ದಾಟಿ ಕಾಲುವೆ ದಂಡೆಯ ಮೇಲೆ ಹೋಗಿ ನಿಂತಿತು. ಅದು ಆ ದಿನದ ಐದನೇ ಡ್ರಿಲ್. ಮಾಸ್ತರ ಗಂಟಲು ಬಿದ್ದು ಹೋಗಿತ್ತು.

ಮರುದಿನ ೧೯೫೦ರ ಜನವರಿ ಇಪ್ಪತ್ತಾರು. ದೇಶಕ್ಕೆ ಮೊದಲ ಗಣರಾಜ್ಯ ದಿನ. ಸಿರುಗುಪ್ಪದ ಶಾಲೆಯ ಮೈದಾನದಲ್ಲಿ ದೊಡ್ಡ ಚಪ್ಪರ ಎದ್ದಿತ್ತು. ಹಚ್ಚೊಳ್ಳಿ, ಕರೂರಿನಿಂದಲೂ ಜನ ಗಾಡಿ ಕಟ್ಟಿಕೊಂಡು ಬರುವವರಿದ್ದರು. ಅಷ್ಟರಲ್ಲಿ ಹೆಸರಿಲ್ಲದ ಒಂದು ಕಾರ್ಡು ಬಂದಿತ್ತು. 'ಚಪ್ಪರದಲ್ಲಿ ಬಾಂಬ್ ಸಿಡಿಯುತ್ತದೆ' ಎಂದು ಅದರಲ್ಲಿ ಬರೆದಿತ್ತು. ಬರೆದವನು ಯಾವ ಪುಣ್ಯಾತ್ಮನೋ, ಊರಿನ ನಿದ್ದೆ ಕೆಡಿಸಿದ್ದ.

ಬಳ್ಳಾರಿಯಿಂದ ಇನ್ಸ್‌ಪೆಕ್ಟರ್ ಬಂದರು. ಕಂಬಕ್ಕೊಂದು ಉಸುಕಿನ ಬಕೆಟ್ಟು, ಮೂಲೆಗೊಂದು ನೀರಿನ ಪೀಪಾಯಿ ಇಡಿಸಿದರು. ಪೊಲೀಸ್ ಹುಲುಗಪ್ಪ ಮಕ್ಕಳನ್ನು ಕೂರಿಸಿಕೊಂಡು ಹೇಳಿದರು:

"ವಾರಸುದಾರರಿಲ್ಲದ ಗಂಟು, ಡಬ್ಬಿ ಕಂಡ್ರ ಮುಟ್ಟಬ್ಯಾಡ್ರಿ. ಬಂದು ನನಗ ಹೇಳ್ರಿ. ನಾ ಅದೀನಿ."

ಅವರ ಮೀಸೆ ನೋಡಿ ಸುಂಕಲಮ್ಮನಿಗೆ ಧೈರ್ಯ ಬಂತು. ಆ ಮೀಸೆ ಕಂಡರೆ ಬಾಂಬೇ ಹೆದರಿ ಓಡಬೇಕು!

ಆದರೆ ಅಜ್ಜಿ ಯಂಕಮ್ಮನಿಗೆ ಮೀಸೆಯ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಸಂಜೆ ಸುಂಕಲಮ್ಮ ಹಾಡಿನ ಪ್ರಾಕ್ಟೀಸಿಗೆ ಹೊರಟಾಗ ಅಜ್ಜಿ ಒಂದು ಗಂಟು ಕೊಟ್ಟಳು. ಒಂದು ತೆಂಗಿನಕಾಯಿ, ಹಿಡಿ ಉಪ್ಪು, ಏಳು ಒಣಮೆಣಸಿನಕಾಯಿ. ಎಲ್ಲವನ್ನೂ ಕೆಂಪು ಬಟ್ಟೆಯಲ್ಲಿ ಸುತ್ತಿ ಕರಿ ದಾರ ಬಿಗಿದಿದ್ದಳು.

"ಇದನ್ನ ಸ್ಟೇಜಿನ ಕೆಳಗ ಇಟ್ಟು ಬಾ. ಯಾವ ಪೀಡಾನೂ ಹತ್ತಿರ ಬರಂಗಿಲ್ಲ. ಯಾರ ಮುಂದೂ ಹೇಳಬ್ಯಾಡವ್ವ, ಹೇಳಿದ್ರ ಇದರ ಶಕ್ತಿ ಹೋಕ್ಕೈತಿ."

ವಾರಸುದಾರರಿಲ್ಲದ ಗಂಟನ್ನು ಮುಟ್ಟಬಾರದು, ಸರಿ. ಇದಕ್ಕೆ ಅಜ್ಜಿ ಇದ್ದಾಳಲ್ಲ! ಸುಂಕಲಮ್ಮ ಹಲಗೆಗಳ ಸಂದಿಯಲ್ಲಿ ತೂರಿ, ಗಂಟನ್ನು ನಟ್ಟನಡುವೆ ಇಟ್ಟು ಬಂದಳು.

ಬೆಳಗಾಯಿತು. ಚಪ್ಪರ ತುಂಬಿತು. ಸುಂಕಲಮ್ಮ ಇಸ್ತ್ರಿ ಮಾಡಿದ ಲಂಗ ತೊಟ್ಟು ಹಾಡಲು ಕಾಯುತ್ತಿದ್ದಳು. ಹುಲುಗಪ್ಪ ಕೊನೆಯ ಸಲ ಎಂದು ಬ್ಯಾಟರಿ ಹಿಡಿದು ಸ್ಟೇಜಿನ ಕೆಳಗೆ ಬಗ್ಗಿದರು. ಬಗ್ಗಿದವರು ಹಾಗೇ ಹಿಂದಕ್ಕೆ ಸರಿದರು.

ಸೀಟಿ ಕೂಗಿತು. ಈ ಸಲ ಅದು ಡ್ರಿಲ್ ಅಲ್ಲ.

ಐದು ಸಲ ಕಲಿತದ್ದು ಕೈಬಿಡಲಿಲ್ಲ. ಮಕ್ಕಳು ಸಾಲಾಗಿ ನಡೆದರು. ಅವರನ್ನು ನೋಡಿ ದೊಡ್ಡವರೂ ನೂಕಾಡದೆ ನಡೆದರು. ಚಪ್ಪರ ಖಾಲಿಯಾಗಿ ಕಾಲುವೆ ದಂಡೆ ತುಂಬಿತು.

"ಏನಂತ್ರಿ?" ಎಂದು ಯಾರೋ ಕೇಳಿದರು.

"ಕೆಂಪು ಅರಿವ್ಯಾಗ ಕಟ್ಟಿದ್ದಂತ. ದುಂಡಗ ಐತಂತ. ಬಾಂಬ್!"

ಸುಂಕಲಮ್ಮನಿಗೆ ತಿಳಿಯಿತು, ಅದು ಅಜ್ಜಿಯ ಗಂಟು. ಹೇಳಿಬಿಡಬೇಕು. ಹೇಳಿದರೆ ಪೊಲೀಸರು ಅಜ್ಜಿಯನ್ನು ಎಳೆದುಕೊಂಡು ಹೋದರೆ? ಗಂಟಿನ ಶಕ್ತಿ ಹೋಗಿ ನಿಜವಾದ ಬಾಂಬೇ ಬಂದರೆ?

ಅಷ್ಟರಲ್ಲಿ ದಂಡೆಯ ಕೆಳಗೆ ಹುಲುಗಪ್ಪ ಮೈಮೇಲೆ ಒದ್ದೆ ಕಂಬಳಿ ಹೊದ್ದರು. ಕೈಯಲ್ಲಿ ಕೊಕ್ಕೆ ಕಟ್ಟಿದ ಉದ್ದ ಬಿದಿರು ಗಳ. ಹೊರಡುವ ಮುನ್ನ ತಲೆಯ ರುಮಾಲು ತೆಗೆದು ಇನ್ನೊಬ್ಬ ಪೊಲೀಸಿಗೆ ಕೊಟ್ಟು, "ಏನಾದ್ರೂ ಆದ್ರ ನಮ್ಮ ಮನಿಗೆ ಮುಟ್ಟಿಸಪ್ಪ" ಎಂದರು. ಸುಂಕಲಮ್ಮ ನೋಡಿದಳು. ಬಿದಿರು ಗಳದ ತುದಿ ಗಡಗಡ ನಡುಗುತ್ತಿತ್ತು.

ಅವಳು ಕೈ ಬಿಡಿಸಿಕೊಂಡಳು.

"ಲೇ ಸುಂಕಿ! ಲೈನ್ ಬಿಡಬ್ಯಾಡಲೇ!" ಎಂದು ಮಾಸ್ತರು ಕೂಗಿದರು. ಅವಳು ಆಗಲೇ ದಂಡೆ ಇಳಿದು ಓಡುತ್ತಿದ್ದಳು.

"ಹೋಗಬ್ಯಾಡ್ರಿ! ಅದು ಬಾಂಬ್ ಅಲ್ರಿ! ನಮ್ಮಜ್ಜಿ ಕಟ್ಟಿದ್ದು! ನಾನ ಇಟ್ಟಿದ್ದು!"

ಇನ್ಸ್‌ಪೆಕ್ಟರ್ ಅವಳ ರಟ್ಟೆ ಹಿಡಿದು ನಿಲ್ಲಿಸಿದರು. "ಏನೈತಿ ಅದರಾಗ?"

"ತೆಂಗಿನಕಾಯಿ, ಉಪ್ಪು, ಏಳು ಮೆಣಸಿನಕಾಯಿ. ಮ್ಯಾಲೆ ಕರಿ ದಾರ, ಮೂರು ಗಂಟು ಹಾಕೈತ್ರಿ," ಎನ್ನುವಷ್ಟರಲ್ಲಿ ಅವಳಿಗೆ ಅಳು ಬಂತು.

"ಹೌದ್ರಿ ಸಾಹೇಬ್ರ, ಕರಿ ದಾರ ನಾನೂ ನೋಡೀನಿ," ಎಂದರು ಹುಲುಗಪ್ಪ.

ಆದರೂ ನಿಯಮ ನಿಯಮವೇ. ಅವಳನ್ನು ದೂರ ನಿಲ್ಲಿಸಿ, ಹುಲುಗಪ್ಪ ದೂರದಿಂದಲೇ ಗಂಟನ್ನು ಕೊಕ್ಕೆಯಿಂದ ಎಳೆದರು. ಬಟ್ಟೆ ಹರಿಯಿತು. ತೆಂಗಿನಕಾಯಿ ಗುಡುಗುಡು ಉರುಳಿ ಹೊರಗೆ ಬಂತು. ಹಿಂದೆಯೇ ಮೆಣಸಿನಕಾಯಿ ಚೆಲ್ಲಾಡಿದವು.

ಕಾಲುವೆ ದಂಡೆಯೆಲ್ಲ ಒಂದೇ ಸಲ ಉಸಿರು ಬಿಟ್ಟಿತು. ಆಮೇಲೆ ನಗು ಶುರುವಾಯಿತು.

ಇನ್ಸ್‌ಪೆಕ್ಟರ್ ಮಾತ್ರ ನಗಲಿಲ್ಲ. "ಯಾರಮ್ಮ ಈ ಕೂಸಿನ ಅಜ್ಜಿ?"

ಅಜ್ಜಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ನಾನರಿ. ಕೂಸಿಗೆ ಏನೂ ಅನಬ್ಯಾಡ್ರಿ. ನೀವು ಉಸುಕಿನ ಬಕೀಟು ಇಟ್ರಿ, ನಾ ಇದನ್ನ ಇಟ್ಟೆ. ಇಬ್ರೂ ಇಟ್ಟಿದ್ದು ಮಕ್ಕಳ ಸಲುವಾಗೇ ಅಲ್ಲೇನ್ರಿ?"

ಇನ್ಸ್‌ಪೆಕ್ಟರ್ ಮೀಸೆಯಲ್ಲೇ ನಕ್ಕರು. "ಇನ್ನೊಮ್ಮೆ ಇಡೋದಿದ್ರ ನಮಗ ಹೇಳಿ ಇಡಬೇಕು. ಹೂಂ, ಪ್ರೋಗ್ರಾಂ ಶುರು ಮಾಡ್ರಿ!"

ಬಾವುಟ ಏರಿತು. ಹಾಡೂ ಚೆನ್ನಾಗಿಯೇ ಆಯಿತು. ಆ ಕಾರ್ಡು ಬರೆದವನು ಕೊನೆಗೂ ಸಿಗಲಿಲ್ಲ, ಅವನ ಬಾಂಬೂ ಬರಲಿಲ್ಲ.

ಸುಂಕಲಮ್ಮ ಸ್ಟೇಜ್ ಇಳಿದಾಗ ಹುಲುಗಪ್ಪ ಕಂಬಕ್ಕೆ ಒರಗಿ ಮೂರನೇ ಲೋಟ ನೀರು ಕುಡಿಯುತ್ತಿದ್ದರು. "ಚಲೋ ಹಾಡಿದಿ ಕೂಸೇ," ಎಂದು ಅವಳ ತಲೆಯ ಮೇಲೆ ಕೈ ಇಟ್ಟರು. ಆ ಕೈ ಇನ್ನೂ ತಣ್ಣಗಿತ್ತು, ಬೆವೆತಿತ್ತು.

ಅವಳು ಹೋಗಿ ನೆಲಕ್ಕೆ ಬಿದ್ದ ಮೆಣಸಿನಕಾಯಿ ಆರಿಸಿದಳು. ಏಳೂ ಸಿಕ್ಕವು. ತಂದು ಅಜ್ಜಿಯ ಅಂಗೈಯಲ್ಲಿ ಇಟ್ಟಳು.

"ಬಾರವ್ವ, ದಿಷ್ಟಿ ತಗೀತೀನಿ," ಎಂದು ಅಜ್ಜಿ ಅವಳನ್ನು ಎದುರಿಗೆ ನಿಲ್ಲಿಸಿಕೊಂಡಳು.

"ನನಗಲ್ಲಜ್ಜಿ, ಅವರಿಗೆ."

ಅಜ್ಜಿ ಕಂಬದ ಕಡೆ ನೋಡಿದಳು. ಹುಲುಗಪ್ಪ ಸುತ್ತಮುತ್ತ ಒಮ್ಮೆ ನೋಡಿದರು. ಆಮೇಲೆ ರುಮಾಲು ತೆಗೆದು, ಅಜ್ಜಿಯ ಕೈಗೆ ಎಟುಕುವಷ್ಟು ತಲೆ ಬಗ್ಗಿಸಿದರು.