ಸೂರ್ಯನಿಗೊಂದಿಷ್ಟು ಜಾಗ

“ಎಲ್ಲೇ ಐತೆ ಬಿಸಿಲು?” ರೇವಂತ್ ಕೇಳಿದ.

ಸಮ್ರೀನ್ ಕೀಬೋರ್ಡಿನ ಬಟನ್ ಒತ್ತಿ ಹಿಡಿದಳು. ಗೇಮಿನಲ್ಲಿ ಒಂದು ಕಂದು ಕುದುರೆ ಕೋಟೆಯ ಸುರಂಗ ದಾಟಿ ಬಯಲಿಗೆ ಬಂತು. ಆಕಾಶವಿತ್ತು, ಸೂರ್ಯನೂ ಇದ್ದ. ಆದರೆ ಸೂರ್ಯ ಮಜ್ಜಿಗೆ ಚೆಲ್ಲಿದ ಹಾಗೆ ಕಾಣುತ್ತಿದ್ದ.

“ಇದೇನಾ?” ಲೋಹಿತಾ ಮೆಲ್ಲಗೆ ಕೇಳಿದಳು.

“ಇದೇ. ಅಲ್ಲ, ಇದಲ್ಲ. ಇರ್ರೇ, ಇನ್ನೊಂದ್ಸಲ ತೋರಿಸ್ತೀನಿ.”

ಕುದುರೆ ಮತ್ತೆ ಸುರಂಗದೊಳಕ್ಕೆ ಹೋಯಿತು. ಮತ್ತೆ ಆಚೆ ಬಂತು. ಮತ್ತೆ ಮಜ್ಜಿಗೆ.

ರೇವಂತ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕ. “ನಿಜವಾದ ಬಿಸಿಲು ನೋಡ್ಬೇಕಂದ್ರೆ ಪಾವಗಡಕ್ಕೆ ಬಾರೇ. ನಮ್ಮ ಮಾವ ಸೋಲಾರ್ ಪ್ಲೇಟ್ ತೊಳೆಯಾಕೆ ಕಪ್ಪು ಕನ್ನಡಕ ಹಾಕ್ಕೊಂಡು ಹೋಯ್ತಾರೆ. ನಿನ್ನ ಈ ಮಜ್ಜಿಗೆ ಬಿಸಿಲಿಗೆ ಕನ್ನಡಕ ಬ್ಯಾಡ, ಉಪ್ಪಿನಕಾಯಿ ಇದ್ರೆ ಸಾಕು.”

ಸಮ್ರೀನಳ ಕಿವಿ ಬಿಸಿಯಾಯಿತು.

ಐದನೇ ಕ್ಲಾಸಿನಲ್ಲಿ ಅವಳಿಗೆ ಒಂದು ಅಡ್ಡಹೆಸರು ಅಂಟಿಕೊಳ್ಳುವುದರಲ್ಲಿತ್ತು: ಬುರುಡೆ ಸಮ್ರೀನ್. ತಮ್ಮ ಅಂಗಡಿಯ ಸೀರೆಗಳನ್ನೆಲ್ಲ ಹಾಸಿದರೆ ಶಿರಾ ಕೋಟೆಗೆ ಮೂರು ಸುತ್ತು ಬರುತ್ತವೆ ಎಂದು ಒಮ್ಮೆ ಹೇಳಿದ್ದಳು. ಬುಷ್ರಾ ಅಕ್ಕನ ಮದುವೆಯ ಬಿರಿಯಾನಿ ಪಾತ್ರೆಯಲ್ಲಿ ಇಬ್ಬರು ಈಜಬಹುದಿತ್ತು ಎಂದೂ ಹೇಳಿದ್ದಳು. ಮೊದಮೊದಲು ಎಲ್ಲರೂ ನಗುತ್ತಿದ್ದರು. ಈಗೀಗ ಅವಳು ಬಾಯಿ ತೆರೆಯುವ ಮೊದಲೇ ನಗುತ್ತಾರೆ.

ಆದರೆ ಈ ಬಿಸಿಲಿನ ವಿಷಯ ಬುರುಡೆಯಾಗಿರಲಿಲ್ಲ. ಅವಳೇ ಕಣ್ಣಾರೆ ನೋಡಿದ್ದಳು.

ಅವಳ ಅಣ್ಣ ಮುಸವೀರ್ ಹಗಲೆಲ್ಲ ಅಬ್ಬಾ ಜೊತೆ ಬಟ್ಟೆ ಅಂಗಡಿಯಲ್ಲಿರುತ್ತಾನೆ. ಸಂಜೆ ಬಂದರೆ ಕಂಪ್ಯೂಟರು. ಅವನ ಕಂಪ್ಯೂಟರನ್ನು ನಡೆಸುವುದು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ. ಹೊಸ ಮಾನಿಟರಿನ ಡಬ್ಬದ ಮೇಲೆ ‘ಎಚ್‌ಡಿಆರ್’ ಎಂದು ದೊಡ್ಡದಾಗಿ ಬರೆದಿತ್ತು; ಬೆಳಕನ್ನು ನಿಜದ ಹಾಗೇ ತೋರಿಸುವ ವಿದ್ಯೆಯಂತೆ. ಲಿನಕ್ಸಿನಲ್ಲಿ ಮಾತ್ರ ಅದು ಬರುತ್ತಿರಲಿಲ್ಲ. ಮುಸವೀರ್ ಏನೇನೋ ಓದಿದ, ಯಾರ್ಯಾರನ್ನೋ ಕೇಳಿದ. ಕೊನೆಗೆ ಒಂದು ದಿನ ಹೊಸ ಅಪ್‌ಡೇಟ್ ಬಂತು. ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಆರ್ ಎಂಬ ಪುಟ್ಟ ಚೌಕ ಕಾಣಿಸಿತು. ಅದಕ್ಕೆ ಟಿಕ್ ಹಾಕಿ, ಗೇಮಿಗೂ ಅದೇನೋ ಒಂದು ಸಾಲು ಬರೆದು, “ಅಮ್ಮೀ, ಸಮ್ರೀನ್, ಬೇಗ ಬನ್ನಿ!” ಎಂದು ಕೂಗಿದ.

ಅಮ್ಮಿ ಹಿಟ್ಟಿನ ಕೈಯಲ್ಲೇ ಬಂದರು. ಕುದುರೆ ಸುರಂಗದಿಂದ ಆಚೆ ಬಂದಾಗ ಅಮ್ಮಿ ಅದೇ ಕೈಯನ್ನು ಕಣ್ಣಿಗೆ ಅಡ್ಡ ಹಿಡಿದರು. ಹಣೆಗೆಲ್ಲ ಹಿಟ್ಟಾಯಿತು.

“ಮಾಮೂಲಿ ಸ್ಕ್ರೀನಲ್ಲಿ ಬಿಳಿ ಗೋಡೆಗೂ ಸೂರ್ಯನಿಗೂ ಒಂದೇ ಬಿಳಿ. ಇದರಲ್ಲಿ ಗೋಡೆ ಗೋಡೆ ಥರಾನೇ ಇರ್ತದೆ, ಸೂರ್ಯ ಸೂರ್ಯನ ಥರಾನೇ ಇರ್ತಾನೆ,” ಎಂದಿದ್ದ ಮುಸವೀರ್.

ಮಾರನೆಯ ದಿನ ಸಮ್ರೀನ್ ಕ್ಲಾಸಿನಲ್ಲಿ ಅದನ್ನೇ ಹೇಳಿದಳು. ಎಲ್ಲರೂ ‘ಹೋ’ ಎಂದರು. “ಲಿನಕ್ಸಲ್ಲಿ ಗೇಮ್ ಆಡಾಕೇ ಆಗಲ್ಲ. ಅದ್ರಲ್ಲಿ ಎಚ್‌ಡಿಆರ್ ಬೇರೆ ಬತ್ತದಂತೆ!” ಎಂದ ರೇವಂತ್. ಕೊನೆಗೆ ಲೋಹಿತಾ ಹೋಗಿ ನೋಡಿ ಬರಲಿ ಎಂದು ತೀರ್ಮಾನವಾಯಿತು. ಲೋಹಿತಾ ನೋಡಿದ್ದನ್ನು ನೋಡಿದ ಹಾಗೇ ಹೇಳುವವಳು. ಸ್ವಂತ ತಮ್ಮ ಮಾವಿನಕಾಯಿ ಕದ್ದಾಗಲೂ ಹಾಗೇ ಹೇಳಿದ್ದಳು. ಸೋಮವಾರ ಅವಳು ಏನು ಹೇಳುತ್ತಾಳೋ ಅದೇ ಕೊನೆ. ರೇವಂತ್ ತಾನಾಗಿಯೇ ಜೊತೆಗೆ ಬಂದಿದ್ದ.

ಅವರು ಬರುತ್ತಾರೆಂದು ಸಮ್ರೀನ್ ಬೆಳಿಗ್ಗೆಯಿಂದ ತಯಾರಿ ನಡೆಸಿದ್ದಳು. ಅಂಗಡಿಯಲ್ಲಿ ಅಬ್ಬಾ ಒಂದು ಮಾತು ಹೇಳುತ್ತಿದ್ದರು: ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ಎಲ್ಲಾ ಲೈಟು ಹಾಕಿರಬೇಕು. ಅವಳೂ ಹಾಗೇ ಮಾಡಿದಳು. ಪರದೆ ಸರಿಸಿ ಕಿಟಕಿ ತೆರೆದಳು. ಎರಡೂ ಟ್ಯೂಬ್‌ಲೈಟ್ ಹಾಕಿದಳು. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ, ಬ್ರೈಟ್‌ನೆಸ್ ಎಂದು ಎಲ್ಲೆಲ್ಲಿ ಬರೆದಿತ್ತೋ ಅಲ್ಲೆಲ್ಲ ಗುಂಡಿಯನ್ನು ಕೊನೆಯವರೆಗೂ ಎಳೆದಿದ್ದಳು.

“ನಡಿಯೇ ಲೋಹಿತಾ, ಹೋಗನ,” ರೇವಂತ್ ಎದ್ದ. “ನಮ್ಮ ಮಾವನ ಫೋನಲ್ಲೇ ಇದಕ್ಕಿಂತ ಚೆನ್ನಾಗಿ ಕಾಣ್ತದೆ.”

“ಇವತ್ತು ನೆಟ್ ಸ್ಲೋ ಐತೆ, ಅದ್ಕೇ ಇಂಗೆ!” ಸಮ್ರೀನ್ ಥಟ್ಟನೆ ಹೇಳಿದಳು.

“ಈ ಗೇಮಿಗೆ ನೆಟ್ಟೇ ಬ್ಯಾಡ ಅಂತ ಬಂದ ತಕ್ಷಣ ನೀನೇ ಹೇಳ್ದಲ್ಲೇ,” ಎಂದಳು ಲೋಹಿತಾ.

ಹೌದು, ಹೇಳಿದ್ದಳು. ಸಮ್ರೀನ್ ಮಾನಿಟರ್ ಕಡೆ ನೋಡಿದಳು. ಅಪ್‌ಡೇಟ್ ಕೆಟ್ಟಿದೆ ಎನ್ನಬಹುದಿತ್ತು. ಕರೆಂಟು ಕಮ್ಮಿ ಇದೆ ಎನ್ನಬಹುದಿತ್ತು. ಅಂಥವು ಹತ್ತಾರು ಬಾಯಿಗೆ ಬಂದವು. ಆದರೆ ಲೋಹಿತಾ ಬಾಗಿಲ ಹತ್ತಿರ ನಿಂತು ಅವಳನ್ನೇ ನೋಡುತ್ತಿದ್ದಳು.

“ಯಾಕೆ ಬರ್ತಿಲ್ಲ ಅಂತ ನಂಗೆ ಗೊತ್ತಿಲ್ಲ ಕಣೇ,” ಎಂದಳು ಸಮ್ರೀನ್. ಧ್ವನಿ ಸಣ್ಣಗಿತ್ತು. “ಮೊನ್ನೆ ಬಂದಿತ್ತು.”

ಲೋಹಿತಾ ಹಾಕಿಕೊಳ್ಳಲು ಹೊರಟ ಚಪ್ಪಲಿಯನ್ನು ಬಿಟ್ಟು ಒಳಗೆ ಬಂದಳು. “ಅಂಗಂದ್ರೆ ಎಲ್ಲೋ ಏನೋ ಆಗೈತೆ. ನಿಮ್ಮಣ್ಣನ್ನ ಕೇಳು.”

ಸಮ್ರೀನ್ ಅಮ್ಮಿಯ ಫೋನ್ ತಂದು ಸ್ಪೀಕರ್ ಹಾಕಿದಳು. ಆ ಕಡೆ ಅಂಗಡಿಯ ಗದ್ದಲ. ಸ್ನೇಹಿತರಿದ್ದಾರೆ ಎಂದು ತಿಳಿದು ಮುಸವೀರ್ ಕನ್ನಡದಲ್ಲೇ ಮಾತಾಡಿದ.

“ಏನೇನು ಮುಟ್ಟಿದೀಯಾ, ಹೇಳು.”

“ಎಲ್ಲಾ ಮುಟ್ಟಿದೀನಿ ಭಾಯ್. ಎಲ್ಲಾನೂ ಫುಲ್ ಮಾಡ್ಬುಟ್ಟೆ. ಚೆನ್ನಾಗಿ ಕಾಣ್ಲಿ ಅಂತ.”

ಆ ಕಡೆಯಿಂದ ನಗು ಕೇಳಿತು. “ಅಲ್ವೇ, ಗೋಡೆಗೆ, ಅಕ್ಷರಕ್ಕೆ, ಕುದುರೆ ಬಾಲಕ್ಕೆ, ಎಲ್ಲಾದಕ್ಕೂ ಫುಲ್ ಕೊಟ್ಬುಟ್ರೆ ಪಾಪ ಸೂರ್ಯ ಎಲ್ಲಿಗೆ ಹೋಗ್ಬೇಕು? ಅವನಿಗೂ ಒಂದಿಷ್ಟು ಜಾಗ ಬುಡು!” ಅಷ್ಟರಲ್ಲಿ ಯಾರೋ ದೊಡ್ಡ ಅಂಚಿನ ಹಸಿರು ಸೀರೆ ಕೇಳಿದರು. ಫೋನ್ ಕಟ್ಟಾಯಿತು.

ಮೂವರೂ ಮುಖ ಮುಖ ನೋಡಿಕೊಂಡರು.

“ಕಮ್ಮಿ ಮಾಡಿದ್ರೆ ಜಾಸ್ತಿ ಕಾಣ್ತದಾ? ಅದೆಂಗೆ?” ಎಂದ ರೇವಂತ್. ಆದರೆ ಅವನೂ ಕುರ್ಚಿ ಎಳೆದುಕೊಂಡು ಹತ್ತಿರ ಕೂತ.

ಸಮ್ರೀನ್ ಸೆಟ್ಟಿಂಗ್ಸ್ ತೆರೆದಳು. ಲೋಹಿತಾ ಒಂದೊಂದೇ ಸಾಲು ಓದಿದಳು. ಮಾಮೂಲಿ ಬಿಳಿ ಎಷ್ಟು ಬೆಳಗಬೇಕು ಎಂದು ಹೇಳುವ ಗುಂಡಿ ತುತ್ತತುದಿಯಲ್ಲಿತ್ತು. ಸಮ್ರೀನ್ ಅದನ್ನು ಹಿಂದಕ್ಕೆ ಎಳೆದಳು, ಅರ್ಧಕ್ಕಿಂತ ಕೆಳಗೆ. ಗೇಮಿನೊಳಗೆ ಹೆಚ್ಚಿಸಿದ್ದನ್ನೂ ಇಳಿಸಿದಳು. ಸ್ಕ್ರೀನಿನ ಮೇಲಿನ ಬಿಳಿ ಕಾಗದದಂತೆ ಸಪ್ಪಗಾಯಿತು. ಇಷ್ಟು ಸಪ್ಪಗಿರುವುದನ್ನು ಯಾರಿಗೆ ತೋರಿಸುವುದು?

ಆದರೂ ಎದ್ದು ಕಿಟಕಿ ಮುಚ್ಚಿದಳು, ಪರದೆ ಎಳೆದಳು. ರೇವಂತ್ ತಾನೇ ಹೋಗಿ ಟ್ಯೂಬ್‌ಲೈಟ್ ಆರಿಸಿದ.

ಕುದುರೆ ಸುರಂಗದೊಳಕ್ಕೆ ನಡೆಯಿತು.

ಈ ಸಲ ಸುರಂಗ ಬೂದಿ ಬಣ್ಣಕ್ಕಿರಲಿಲ್ಲ, ಕಪ್ಪಗಿತ್ತು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಲ್ಲಿನ ಮೇಲೆ ಒಸರುವ ನೀರು ಕಂಡಿತು. ಮೂಲೆಯಲ್ಲಿ ತೂಗಾಡುವ ಬಾವಲಿ ಕಂಡಿತು.

“ಅಯ್ಯೋ, ಆಗ್ಲೇ ಇದೆಲ್ಲಾ ಇತ್ತಾ?” ಲೋಹಿತಾ ಪಿಸುಗುಟ್ಟಿದಳು.

ದೂರದಲ್ಲಿ ಸಾಸಿವೆಯಷ್ಟು ಬೆಳಕು. ಅದು ಕಡಲೆಕಾಯಿಯಷ್ಟಾಯಿತು. ಬಾಗಿಲಷ್ಟಾಯಿತು. ಕುದುರೆ ಆಚೆ ಕಾಲಿಟ್ಟಿತು.

ರೇವಂತ್ ಥಟ್ಟನೆ ಕೈಯನ್ನು ಹಣೆಗೆ ಅಡ್ಡ ಇಟ್ಟ. ಯಾರೂ ಇಡು ಎಂದಿರಲಿಲ್ಲ. ಲೋಹಿತಾ ಕಣ್ಣು ಕಿರಿದು ಮಾಡಿದಳು. ಕೋಟೆಯ ಸುಣ್ಣದ ಗೋಡೆ ಸುಮ್ಮನೆ ಬಿಳಿಯಾಗಿತ್ತು. ಅದರ ಪಕ್ಕದಲ್ಲಿ ಬಿಸಿಲು, ಬೇರೆಯದೇ ಆಗಿ, ಉರಿಯುತ್ತಿತ್ತು. ಕುದುರೆಯ ಕತ್ತಿನ ಗೆಜ್ಜೆ ಒಮ್ಮೆ ಮಿಂಚಿ ಸುಮ್ಮನಾಯಿತು.

ಸಮ್ರೀನಳ ಬಾಯಲ್ಲಿ ‘ನಾನ್ ಹೇಳಿರ್ಲಿಲ್ವಾ’ ಸಿದ್ಧವಾಗಿತ್ತು. ಆದರೆ ಅವಳಿಗೂ ನೋಡಬೇಕೆನಿಸಿತು. ನೋಡಿದಳು.

“ಮಿಡಿಗೇಶಿ ಕೋಟೆ ಬಾಗಿಲು ದಾಟ್ದಾಗ ಇಂಗೇ ಆಗಿತ್ತು ನಂಗೆ,” ಲೋಹಿತಾ ಕೊನೆಗೆ ಹೇಳಿದಳು. “ಲಿನಕ್ಸಲ್ಲಿ ಈ ಎಚ್‌ಡಿಆರ್ ಯಾರೇ ಮಾಡಿದ್ದು? ಕಂಪ್ನಿನಾ?”

“ಯಾರ್ಯಾರೋ ಅಂತೆ. ಬೇರೆ ಬೇರೆ ದೇಶದವರು. ಕೆಲವರಿಗೆ ಸಂಬಳ ಐತಂತೆ, ಕೆಲವರು ಸುಮ್ನೆ ಇಷ್ಟಪಟ್ಟು ಬರೀತಾರಂತೆ. ವರ್ಷಗಟ್ಲೆ. ಬರೆದು ಎಲ್ಲಾರ್ಗೂ ಕೊಟ್ಬುಡ್ತಾರಂತೆ.”

“ಶಿರಾದಾಗೆ ನಾವು ನೋಡ್ತಿದೀವಿ ಅಂತ ಅವರಿಗೆ ಗೊತ್ತಾ?”

“ಇಲ್ಲ ಅನ್ಸುತ್ತೆ.”

“ಗೊತ್ತಿಲ್ದೇನೇ ಇಷ್ಟು ಚೆನ್ನಾಗಿ ಮಾಡವ್ರಾ!” ರೇವಂತ್ ಇನ್ನೂ ಕೈ ಇಳಿಸಿರಲಿಲ್ಲ. “ಏ, ಇನ್ನೊಂದ್ಸಲ ಒಳಗೆ ಹೋಗೇ. ಬಾವಲಿ ಹತ್ರ ನಿಲ್ಸು.”

ಸೋಮವಾರ ಬೆಲ್ ಹೊಡೆಯುವ ಮೊದಲೇ ಕ್ಲಾಸು ಲೋಹಿತಾಳನ್ನು ಮುತ್ತಿಕೊಂಡಿತು.

“ಮೊದ್ಲು ಬರ್ಲಿಲ್ಲ,” ಎಂದಳು ಲೋಹಿತಾ. “ಆಮೇಲೆ ಬಂತು. ಕಣ್ಣು ಬಿಡಾಕೆ ಆಗ್ಲಿಲ್ಲ.”

“ದೇವ್ರಾಣೆ?”

“ನೋಡಿದ್ದು ಹೇಳಾಕೆ ಆಣೆ ಯಾಕ್ರೋ?”

ಎಲ್ಲರ ತಲೆ ಸಮ್ರೀನಳ ಕಡೆ ತಿರುಗಿತು. ಒಬ್ಬರೂ ನಗುತ್ತಿರಲಿಲ್ಲ. ಅವಳ ನಾಲಿಗೆಯ ತುದಿಗೆ ಒಂದು ದೊಡ್ಡ ಮಾತು ಬಂತು: ಇಡೀ ತುಮಕೂರು ಜಿಲ್ಲೆಯಲ್ಲೇ ಅಂಥದ್ದು ಇನ್ನೊಂದು ಇಲ್ಲ! ಎಲ್ಲರೂ ನಂಬಲು ತಯಾರಾಗಿಯೇ ನಿಂತಿದ್ದರು.

ಸಮ್ರೀನ್ ಆ ಮಾತನ್ನು ಅಲ್ಲೇ ಬಿಟ್ಟಳು.

“ಬೇಕಾದ್ರೆ ಬನ್ರೋ, ನೋಡೀರಂತೆ,” ಎಂದಳು. “ಮೊದ್ಲು ಸ್ವಲ್ಪ ಹೊತ್ತು ಕತ್ತಲೆ ಇರ್ತದೆ. ಸುಮ್ನೆ ಕೂತಿರಬೇಕು.”

ಇನ್ನೂ ಏನಾದರೂ ಹೇಳುತ್ತಾಳೆಂದು ಅವರು ಕಾದರು. ಅವಳು ಪುಸ್ತಕ ತೆಗೆದು ಬೆಂಚಿನ ಮೇಲಿಟ್ಟು, ಲೋಹಿತಾಳಿಗೆ ಕೂರಲು ಪಕ್ಕಕ್ಕೆ ಸರಿದಳು.